ಪರ್ವತ ಸಾಹಸದಲ್ಲಿ ಅಪಾಯ ಮತ್ತು ಸಾವು: ಚರ್ಚೆ ನಡೆಸುವ ಬಗೆ

ಪರ್ವತದಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದಾಗ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ‘ತನಗೆ ಇಷ್ಟವಾದದ್ದನ್ನು ಮಾಡುತ್ತಲೇ ಹೋದ’ ಎಂದು ಒಬ್ಬರು ಹೇಳಿದರೆ, ‘ಮನೆಯವರ ಬಗ್ಗೆಯಾದರೂ ಯೋಚಿಸಬೇಡವೇ’ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ದುಃಖದಿಂದಲೇ ಹುಟ್ಟುವ ಮಾತುಗಳು. ಆದರೆ ಎರಡರ ನಂತರವೂ ಮಾತು ಮುಂದುವರಿಯುವುದಿಲ್ಲ. 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದ ಏಳು ಮಂದಿಯಲ್ಲಿ ಒಬ್ಬನ ಕಾಲು ಇಳಿಯುವಾಗ ಜಾರಿ, ಅವನೊಂದಿಗೆ ಮೂವರು ಎಳೆದುಕೊಂಡು ಹೋಗಿ, ಹಗ್ಗ ತುಂಡಾಗಿ ನಾಲ್ವರೂ ಸತ್ತಾಗ, ಇಂಥ ಸಾಹಸಕ್ಕೆ ಅರ್ಥವಿದೆಯೇ ಎಂದು ಪತ್ರಿಕೆಗಳು ಕೇಳಿದ್ದವು. ನೂರೈವತ್ತು ವರ್ಷಗಳಾದ ಮೇಲೂ ನಾವು ಅದೇ ಪ್ರಶ್ನೆಯನ್ನು ಅದೇ ಹೊತ್ತಿನಲ್ಲಿ, ಅಂದರೆ ಸಾವು ಸಂಭವಿಸಿದ ಮೇಲೆ ಕೇಳುತ್ತಿದ್ದೇವೆ.

ಅನೇಕ ವರ್ಷ ಬಂಡೆಯನ್ನೂ ಹಿಮದ ಇಳಿಜಾರುಗಳನ್ನೂ ಏರಿದ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಈ ಚರ್ಚೆಗೆ ತಕ್ಕ ಸಮಯ ಹೊರಡುವುದಕ್ಕೆ ಮುಂಚಿನ ದಿನಗಳು, ಮತ್ತು ಅದರಲ್ಲಿ ಕೂರಬೇಕಾದವರು ಆ ಸಾವಿನ ಪರಿಣಾಮವನ್ನು ಹೊರಬೇಕಾದವರು. ಆ ಚರ್ಚೆಯನ್ನು ಹೇಗೆ ನಡೆಸಬೇಕೆಂಬುದನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಪ್ರಶ್ನೆಗಳನ್ನು ಬಿಡಿಸಿಕೊಳ್ಳಿ

ಜಗಳವಾಗಿ ಮುಗಿಯುವ ಹೆಚ್ಚಿನ ಚರ್ಚೆಗಳಲ್ಲಿ ಇಬ್ಬರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತಿರುತ್ತಾರೆ. ಅಪಾಯ ಎಷ್ಟು ದೊಡ್ಡದು ಎಂಬುದು ಒಂದು ಪ್ರಶ್ನೆ. ಹೋಗುವವನಿಗೆ ಆ ಅಪಾಯ ನಿಜವಾಗಿ ಅರ್ಥವಾಗಿದೆಯೇ ಎಂಬುದು ಇನ್ನೊಂದು. ಅವನ ಹೊರತು ಬೇರೆ ಯಾರು ಅದಕ್ಕೆ ಬೆಲೆ ತೆರುತ್ತಾರೆ ಎಂಬುದು ಮೂರನೆಯದು. ಅವನನ್ನು ತಡೆಯುವ ಹಕ್ಕು ಯಾರಿಗಾದರೂ ಇದೆಯೇ ಎಂಬುದು ಎಲ್ಲಕ್ಕಿಂತ ಕೊನೆಯಲ್ಲಿ ಬರಬೇಕಾದದ್ದು, ಆದರೆ ಅದೇ ಮೊದಲು ಬರುತ್ತದೆ. 1936ರಲ್ಲಿ ಐಗರ್ ಪರ್ವತದ ಉತ್ತರ ಮುಖದಲ್ಲಿ ನಾಲ್ವರು ಸತ್ತಾಗ ಸ್ವಿಟ್ಜರ್‌ಲೆಂಡಿನ ಬರ್ನ್ ಪ್ರಾಂತ್ಯ ಆ ಮುಖವನ್ನು ಏರುವುದನ್ನೇ ನಿಷೇಧಿಸಿತು. ನಿಷೇಧ ಹೆಚ್ಚು ಕಾಲ ಉಳಿಯಲಿಲ್ಲ, 1938ರ ಜುಲೈನಲ್ಲಿ ಅದೇ ಮುಖವನ್ನು ನಾಲ್ವರು ಏರಿ ಮುಗಿಸಿದರು. ಏರಿದ್ದು ಸರಿಯೆಂದೋ ನಿಷೇಧ ತಪ್ಪೆಂದೋ ಇದರಿಂದ ಸಾಬೀತಾಗುವುದಿಲ್ಲ. ಉಳಿದ ಮೂರು ಪ್ರಶ್ನೆಗಳನ್ನು ಬಿಟ್ಟು ನಾಲ್ಕನೆಯದಕ್ಕೆ ಕೈಹಾಕಿದರೆ ಚರ್ಚೆ ಬೆಳೆಯುವುದಿಲ್ಲ ಎಂಬುದಷ್ಟೇ ಇಲ್ಲಿ ಕಾಣುತ್ತದೆ.

ಆದ್ದರಿಂದ ಕೂರುವಾಗ, ಇಂದು ನಾವು ಯಾವ ಪ್ರಶ್ನೆಯನ್ನು ಮಾತಾಡುತ್ತಿದ್ದೇವೆ ಎಂಬುದನ್ನು ಒಬ್ಬರು ಬಾಯಿಬಿಟ್ಟು ಹೇಳಲಿ. ‘ನೀನು ಹೋಗಬಾರದು’ ಎಂಬ ಮಾತು ಬಂದರೆ, ಅದರ ಹಿಂದೆ ಇರುವುದು ‘ಅಪಾಯ ಹೆಚ್ಚು’ ಎಂಬ ಲೆಕ್ಕವೋ ‘ನನ್ನಿಂದ ತಡೆದುಕೊಳ್ಳಲಾಗದು’ ಎಂಬ ನೋವೋ ಎಂದು ಮೆಲ್ಲಗೆ ಕೇಳಿ. ನೋವಿಗೆ ಅಂಕಿಅಂಶಗಳಿಂದ ಉತ್ತರ ಕೊಡುವುದು ಕ್ರೌರ್ಯವಾಗುತ್ತದೆ.

ಅಂಕಿಗಳನ್ನು ಓದುವ ರೀತಿ

ಪರ್ವತದ ಅಂಕಿಗಳಲ್ಲಿ ಮೊದಲು ನೋಡಬೇಕಾದದ್ದು ಭಾಗಾಕಾರದ ಕೆಳಗಿರುವ ಸಂಖ್ಯೆಯನ್ನು. 8,091 ಮೀಟರ್ ಎತ್ತರದ ಅನ್ನಪೂರ್ಣಾದಲ್ಲಿ ‘ಮೂವರಲ್ಲಿ ಒಬ್ಬರು ಸಾಯುತ್ತಾರೆ’ ಎಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಆದರೆ ಆ ಲೆಕ್ಕ ಹಾಕಿದ್ದು ಶಿಖರ ಮುಟ್ಟಿದವರ ಸಂಖ್ಯೆಗೆ ಸತ್ತವರ ಸಂಖ್ಯೆಯನ್ನು ಹೋಲಿಸಿ. ಅರ್ಧದಲ್ಲೇ ಹಿಂತಿರುಗಿ ಸುರಕ್ಷಿತವಾಗಿ ಮನೆ ಸೇರಿದ ನೂರಾರು ಮಂದಿ ಆ ಲೆಕ್ಕದಲ್ಲಿ ಇರಲೇ ಇಲ್ಲ. ಬೇಸ್ ಕ್ಯಾಂಪ್ ದಾಟಿ ಮೇಲೆ ಹೋದ ಎಲ್ಲರನ್ನೂ ಎಣಿಸಿದರೆ ಪ್ರಮಾಣ ಬಹಳ ಕಡಿಮೆಯಾಗುತ್ತದೆ. ಎವರೆಸ್ಟ್‌ನಲ್ಲಿ ಹಾಗೆ ಎಣಿಸಿದಾಗ ಸಿಗುವ ಪ್ರಮಾಣ ನೂರಕ್ಕೆ ಸುಮಾರು ಒಂದು. ಹೆದರಿಸಬೇಕೆನ್ನುವವರು ಮೊದಲ ರೀತಿಯ ಲೆಕ್ಕವನ್ನೂ, ಒಪ್ಪಿಸಬೇಕೆನ್ನುವವರು ಎರಡನೆಯ ರೀತಿಯದನ್ನೂ ಎತ್ತಿಕೊಳ್ಳುತ್ತಾರೆ. ಯಾವುದೇ ಅಂಕಿ ಮುಂದಿಟ್ಟಾಗ ‘ಯಾರನ್ನು ಎಣಿಸಿದ್ದೀರಿ?’ ಎಂದು ಕೇಳುವುದು ನಿಮ್ಮ ಮೊದಲ ಕೆಲಸವಾಗಲಿ.

ಬೇರೆ ಬೇರೆ ಸಾಹಸಗಳನ್ನು ಹೋಲಿಸಲು ರೊನಾಲ್ಡ್ ಹೋವರ್ಡ್ ಎಂಬ ವಿದ್ವಾಂಸರು ಕೊಟ್ಟ ಮೈಕ್ರೋಮಾರ್ಟ್ ಎಂಬ ಅಳತೆ ಉಪಯುಕ್ತ. ಸಾಯುವ ಸಂಭವ ಹತ್ತು ಲಕ್ಷದಲ್ಲಿ ಒಂದು ಪಾಲು ಇದ್ದರೆ ಅದು ಒಂದು ಮೈಕ್ರೋಮಾರ್ಟ್. ವಿಮಾನದಿಂದ ಒಮ್ಮೆ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವುದು ಹತ್ತರ ಆಸುಪಾಸಿನದು. ನಾರ್ವೆಯ ಶೆರಾಗ್ ಬಂಡೆಯಿಂದ 1995ರಿಂದ 2005ರವರೆಗೆ ನಡೆದ 20,850 ಬೇಸ್ ಜಿಗಿತಗಳನ್ನು (ಬಂಡೆ, ಕಟ್ಟಡದಂಥ ಎತ್ತರಗಳಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವುದನ್ನು) ವೈದ್ಯರು ಅಧ್ಯಯನ ಮಾಡಿದಾಗ 9 ಸಾವುಗಳು ಕಂಡವು, ಅಂದರೆ 2,317 ಜಿಗಿತಗಳಿಗೆ ಒಂದು. ಅದು 430 ಮೈಕ್ರೋಮಾರ್ಟ್‌ಗಳಷ್ಟಾಗುತ್ತದೆ. ಎವರೆಸ್ಟ್‌ನ ನೂರಕ್ಕೆ ಒಂದು ಎಂದರೆ ಹತ್ತು ಸಾವಿರ ಮೈಕ್ರೋಮಾರ್ಟ್.

ಹೆಚ್ಚಿನ ಚರ್ಚೆಗಳಲ್ಲಿ ಬಿಟ್ಟುಹೋಗುವುದು ಪುನರಾವರ್ತನೆಯ ಲೆಕ್ಕ. ಒಂದು ಜಿಗಿತಕ್ಕೆ 2,317ರಲ್ಲಿ ಒಂದು ಎಂಬುದು ಧೈರ್ಯ ಕೊಡುವ ಸಂಖ್ಯೆಯಂತೆ ಕೇಳಿಸುತ್ತದೆ. ಆದರೆ ಪ್ರತಿ ಜಿಗಿತದ ಅಪಾಯವೂ ಅಷ್ಟೇ ಎಂದಿಟ್ಟುಕೊಂಡರೆ ನೂರು ಜಿಗಿತಗಳ ಹೊತ್ತಿಗೆ ಸಾಯುವ ಸಂಭವ ಶೇಕಡಾ 4ನ್ನು ದಾಟುತ್ತದೆ, ಐನೂರರ ಹೊತ್ತಿಗೆ ಶೇಕಡಾ 19ನ್ನು ಮುಟ್ಟುತ್ತದೆ. ಶೇಕಡಾ ಒಂದರ ಅಪಾಯವಿರುವ ಆರೋಹಣವನ್ನು ಹತ್ತು ಸಲ ಮಾಡುವವನು ಸುಮಾರು ಹತ್ತರಲ್ಲಿ ಒಂದರ ಅಪಾಯವನ್ನು ಒಪ್ಪಿಕೊಂಡಿದ್ದಾನೆ. ಆದ್ದರಿಂದ ‘ಈ ಸಲ ಹೋಗಲೇ?’ ಎಂಬ ಪ್ರಶ್ನೆಯ ಜೊತೆಗೆ ‘ಇದನ್ನು ಜೀವನದಲ್ಲಿ ಎಷ್ಟು ಸಲ ಮಾಡಬೇಕೆಂದಿದ್ದೇನೆ?’ ಎಂಬುದನ್ನೂ ಮೇಜಿನ ಮೇಲಿಡಬೇಕು. ನಾನು ಕಂಡಂತೆ ಈ ಎರಡನೆಯ ಪ್ರಶ್ನೆಗೆ ಉತ್ತರ ಸಿದ್ಧವಾಗಿಟ್ಟುಕೊಂಡವರು ವಿರಳ. ನಾನೂ ಬಹಳ ಕಾಲ ಇಟ್ಟುಕೊಂಡಿರಲಿಲ್ಲ.

ಸರಾಸರಿ ಅಂಕಿ ನಿಮ್ಮ ಅಂಕಿಯಲ್ಲ ಎಂಬ ಮಾತೂ ಬರುತ್ತದೆ, ಅದು ನ್ಯಾಯವಾದ ಮಾತೇ. ಅಮೆರಿಕದ ಆರೋಹಿ ಅಲೆಕ್ಸ್ ಹೊನ್ನಾಲ್ಡ್ 2017ರ ಜೂನ್ 3ರಂದು ಅಲ್ಲಿನ ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು ಹಗ್ಗವಿಲ್ಲದೆ ಏರುವ ಮೊದಲು ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಅಭ್ಯಾಸ ಮಾಡಿದ್ದರು. ಅದಕ್ಕೂ ಹಿಂದಿನ ವರ್ಷ ಒಮ್ಮೆ ಹೊರಟು, ಮನಸ್ಸು ಒಪ್ಪದೆ, ಸ್ವಲ್ಪ ಏರಿದ ಮೇಲೆ ಬಿಟ್ಟಿದ್ದರು. ಬೀಳುವ ಸಂಭವ ಬೇರೆ, ಬಿದ್ದರೆ ಆಗುವ ಪರಿಣಾಮ ಬೇರೆ ಎಂದು ಅವರು ಹೇಳುತ್ತ ಬಂದಿದ್ದಾರೆ. ಚರ್ಚೆಯಲ್ಲಿ ಈ ಎರಡನ್ನೂ ಬೇರೆ ಸಾಲುಗಳಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಕೌಶಲದಿಂದ ಸಂಭವ ತಗ್ಗಬಹುದು, ಪರಿಣಾಮ ತಗ್ಗುವುದಿಲ್ಲ. ಮೇಲಿನಿಂದ ಕಳಚಿ ಬೀಳುವ ಹಿಮಗೋಡೆಯ ಮುಂದಂತೂ ಸಂಭವವೂ ತಗ್ಗುವುದಿಲ್ಲ. ತಮ್ಮ ತಲೆಮಾರಿನ ಅತ್ಯಂತ ವೇಗದ ಆರೋಹಿಗಳಲ್ಲಿ ಒಬ್ಬರಾಗಿದ್ದ ಊಲಿ ಸ್ಟೆಕ್ 2017ರ ಏಪ್ರಿಲ್ 30ರಂದು ಎವರೆಸ್ಟ್ ಪಕ್ಕದ ನುಪ್ಟ್ಸೆ ಶಿಖರದಲ್ಲಿ ಬಿದ್ದು ತೀರಿಕೊಂಡರು. ‘ಅವನು ನಿಪುಣ, ಅವನಿಗೇನೂ ಆಗದು’ ಎಂದು ಮನೆಯವರಿಗೆ ಸಮಾಧಾನ ಹೇಳಬೇಡಿ.

ತಂಡದೊಳಗಿನ ಚರ್ಚೆ

ಪರ್ವತದಲ್ಲಿ ಅನುಭವ ಎಂಬುದು ಬಹಳ ಮೋಸದ ಗುರು. ಹಿಮ ಕುಸಿಯಬಹುದಾಗಿದ್ದ 35 ಡಿಗ್ರಿ ಇಳಿಜಾರಿನ ಮೇಲೆ ನಾವು ನಡೆದುಹೋದ ದಿನ ಅದು ಕುಸಿಯದಿದ್ದರೆ, ನಮ್ಮ ನಿರ್ಧಾರ ಸರಿಯಾಗಿತ್ತೋ ಅದೃಷ್ಟ ಕೈಹಿಡಿಯಿತೋ ಎಂಬುದನ್ನು ಆ ಇಳಿಜಾರು ನಮಗೆ ತಿಳಿಸುವುದಿಲ್ಲ. ಹತ್ತು ಸಲ ಹಾಗೆ ಬದುಕಿ ಬಂದವನು ತನ್ನನ್ನು ಪಳಗಿದವನೆಂದು ಭಾವಿಸುತ್ತಾನೆ. ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕರು ಅಮೆರಿಕದ 715 ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿದಾಗ, ಪರಿಚಿತ ಜಾಗದಲ್ಲಿ ತರಬೇತಿ ಪಡೆದವರೂ ತಮ್ಮ ತರಬೇತಿಯ ಲಾಭವನ್ನು ಕಳೆದುಕೊಂಡಂತೆ ವರ್ತಿಸಿದ್ದು ಕಂಡುಬಂತು. ಪರಿಚಯ, ಹಿಡಿದ ಗುರಿಯನ್ನು ಬಿಡಲಾಗದ ಹಟ, ಇತರರ ಮೆಚ್ಚುಗೆಯ ಆಸೆ, ಮುಂದಿರುವವನಿಗೆ ಎಲ್ಲ ಗೊತ್ತಿದೆ ಎಂಬ ನಂಬಿಕೆ, ಬೇರೆಯವರಿಗಿಂತ ಮೊದಲು ಹೊಸ ಹಿಮವನ್ನು ಮುಟ್ಟಬೇಕೆಂಬ ಆತುರ, ಸುತ್ತ ಜನರಿದ್ದಾರೆ ಎಂಬ ಧೈರ್ಯ, ಇವು ಅವರು ಗುರುತಿಸಿದ ಬಲೆಗಳು.

2012ರ ಫೆಬ್ರವರಿ 19ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಟನಲ್ ಕ್ರೀಕ್ ಎಂಬಲ್ಲಿ ಹದಿನಾರು ಮಂದಿ ಸ್ಕೀಯಿಂಗ್‌ಗೆ ಇಳಿದರು. ಹೆಚ್ಚಿನವರು ನುರಿತವರು. ಹಿಮ ಕುಸಿದು ಮೂವರು ಸತ್ತರು. ಮನಸ್ಸಿನಲ್ಲಿ ಅನುಮಾನವಿತ್ತು, ಆದರೆ ಅಷ್ಟು ಜನ ಬಲ್ಲವರ ನಡುವೆ ಹೇಳಲಿಲ್ಲ ಎಂದು ಉಳಿದವರಲ್ಲಿ ಕೆಲವರು ಆಮೇಲೆ ಒಪ್ಪಿಕೊಂಡರು. ಹೆಚ್ಚು ಜನರಿದ್ದಷ್ಟೂ ಬಾಯಿಗಳು ಕಟ್ಟಿಹೋಗುತ್ತವೆ. ಇದಕ್ಕೆ ಪರಿಹಾರವಾಗಿ ನಾನು ಮೂರು ಪದ್ಧತಿಗಳನ್ನು ಬಿಡದೆ ಪಾಲಿಸುತ್ತೇನೆ.

ತಂಡದಲ್ಲಿ ಅತಿ ಕಡಿಮೆ ಅನುಭವದವರು ಮೊದಲು ಮಾತಾಡಬೇಕು, ನಾಯಕ ಕೊನೆಯಲ್ಲಿ. ನಾಯಕನ ಅಭಿಪ್ರಾಯ ಒಮ್ಮೆ ಹೊರಬಿದ್ದರೆ ಉಳಿದವರ ಮಾತೆಲ್ಲ ಅದರ ಅನುವಾದವಾಗಿಬಿಡುತ್ತದೆ. ಇನ್ನು ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಅವರ ಹೆಸರಿನೊಂದಿಗೆ ಗುರುತಿಸಲಾಗುವ ಒಂದು ಅಭ್ಯಾಸವಿದೆ. ನಾಳೆ ಸಂಜೆ ನಮ್ಮಲ್ಲೊಬ್ಬರು ಸತ್ತಾಗಿದೆ ಎಂದು ಎಲ್ಲರೂ ಕಲ್ಪಿಸಿಕೊಂಡು, ಅದು ಹೇಗಾಯಿತು ಎಂಬುದನ್ನು ಮಾತಾಡದೆ ಐದು ನಿಮಿಷ ಬರೆಯಬೇಕು. ‘ಏನಾದರೂ ಆಗಬಹುದೇ?’ ಎಂದು ಕೇಳಿದಾಗ ಇಲ್ಲವೆಂದು ತಲೆ ಅಲ್ಲಾಡಿಸುವವರೇ ‘ಆಗಿಹೋಗಿದೆ, ಏಕೆ?’ ಎಂದು ಕೇಳಿದಾಗ ಹಗ್ಗದ ಹಳೆಯ ಸವಕಲನ್ನೂ, ನಿನ್ನೆ ರಾತ್ರಿ ಬೀಸಿದ ಗಾಳಿಯನ್ನೂ, ಜೊತೆಗಾರನ ಮೊಣಕಾಲು ನೋವನ್ನೂ ನೆನಪಿಸಿಕೊಳ್ಳುತ್ತಾರೆ. ಮೂರನೆಯದಾಗಿ, ಯಾರೊಬ್ಬರು ‘ಬೇಡ’ ಎಂದರೂ ಎಲ್ಲರೂ ಹಿಂತಿರುಗಬೇಕು, ಅವರಿಂದ ಕಾರಣ ಕೇಳಬಾರದು. ಕಾರಣ ಕೇಳಿದ ಕ್ಷಣದಲ್ಲಿ ಅದು ಮತ್ತೆ ವಾದವಾಗುತ್ತದೆ, ಮತ್ತು ವಾದದಲ್ಲಿ ಗೆಲ್ಲುವವನು ಮಾತುಗಾರ.

ಹಿಂತಿರುಗುವ ಗಂಟೆಯನ್ನು ಕೆಳಗಿರುವಾಗಲೇ ಬರೆದಿಡಬೇಕು. 1996ರ ಮೇ 10ರಂದು ಎವರೆಸ್ಟ್ ಏರುತ್ತಿದ್ದ ತಂಡಗಳಲ್ಲಿ ಮಧ್ಯಾಹ್ನ 2 ಗಂಟೆಯ ಮೇಲೆ ಏರಬಾರದೆಂಬ ಮಾತು ಇತ್ತು, ಆದರೂ ಹಲವರು ಆ ಗಂಟೆ ದಾಟಿದ ಮೇಲೂ ಏರುತ್ತಲೇ ಇದ್ದರು. ಸಂಜೆಯ ಬಿರುಗಾಳಿಯ ನಂತರ ಪರ್ವತದ ಎರಡೂ ಬದಿಗಳಲ್ಲಿ ಸೇರಿ ಎಂಟು ಮಂದಿ ಉಳಿಯಲಿಲ್ಲ. ಎಂಟು ಸಾವಿರ ಮೀಟರ್‌ನ ಮೇಲೆ, ಸಮುದ್ರಮಟ್ಟದ ಮೂರನೇ ಒಂದು ಭಾಗದಷ್ಟು ಆಮ್ಲಜನಕ ಮಾತ್ರ ಸಿಗುವಾಗ, ಯಾವ ಮೆದುಳೂ ನ್ಯಾಯವಾಗಿ ಚರ್ಚಿಸಲಾರದು. ಅಲ್ಲಿ ಚರ್ಚೆ ಬೇಡ. ಕೆಳಗೆ ಮಾಡಿದ ನಿರ್ಧಾರವನ್ನು ಓದಿ ಪಾಲಿಸುವುದಷ್ಟೇ ಅಲ್ಲಿ ಉಳಿದಿರಬೇಕು.

ಕ್ಯಾಮೆರಾ ಅಥವಾ ಪ್ರಾಯೋಜಕರಿದ್ದರೆ ಅವರನ್ನೂ ಹೆಸರಿಸಿ ಮಾತಾಡಿ. 2014ರಲ್ಲಿ ಒಂದು ಆಹಾರ ಕಂಪನಿ, ಹಗ್ಗವಿಲ್ಲದೆ ಏರುವ ಮತ್ತು ಬೇಸ್ ಜಿಗಿತ ಮಾಡುವ ಕೆಲವು ಹೆಸರಾಂತ ಕ್ರೀಡಾಪಟುಗಳಿಗೆ ಕೊಡುತ್ತಿದ್ದ ಬೆಂಬಲವನ್ನು ಅಪಾಯದ ಕಾರಣ ನೀಡಿ ನಿಲ್ಲಿಸಿತು. ಅದು ಸರಿಯೇ ಎಂಬುದರ ಬಗ್ಗೆ ಈಗಲೂ ಎರಡು ಅಭಿಪ್ರಾಯಗಳಿವೆ. ಆದರೆ ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳವಾಗಿದೆ: ಈ ಚಿತ್ರವನ್ನು ಯಾರೂ ನೋಡುವುದಿಲ್ಲ ಎಂದಾದರೆ ನಾನು ಇದನ್ನು ಮಾಡುತ್ತೇನೆಯೇ?

ಮನೆಯಲ್ಲಿ

ಈ ಚರ್ಚೆಯನ್ನು ನಾನು ಮೊದಲ ಬಾರಿ ಸರಿಯಾಗಿ ಮಾಡಿದ್ದು ಅಕ್ಕನೊಂದಿಗೆ. ಒಂದು ಹಿಮಪರ್ವತಕ್ಕೆ ಹೊರಡುವ ಹಿಂದಿನ ವಾರ ಹಗ್ಗ, ಹಿಮಗೊಡಲಿ, ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕುವ ಟ್ರಾನ್ಸೀವರ್ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು, ಒಂದೊಂದರ ಕೆಲಸವನ್ನೂ ಅವಳಿಗೆ ವಿವರಿಸುತ್ತಿದ್ದೆ. ಇಷ್ಟೆಲ್ಲ ಕಂಡರೆ ಅವಳ ಹೆದರಿಕೆ ಹೋಗುತ್ತದೆ ಎಂದುಕೊಂಡಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, ‘ಇದೆಲ್ಲ ನಿನಗೆ ಬೇಕಾದದ್ದು. ನನಗೆ ಬೇಕಾದದ್ದು ಹೇಳು. ಗುರುವಾರ ರಾತ್ರಿಯೂ ನಿನ್ನ ಫೋನ್ ಬರದಿದ್ದರೆ ನಾನು ಎಷ್ಟು ಗಂಟೆಗೆ ಯಾರಿಗೆ ಫೋನ್ ಮಾಡಬೇಕು?’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಅಮ್ಮನಿಗೆ ನಾನೇ ತಾನೆ ಹೇಳಬೇಕಾಗುವುದು?’ ಎಂದೂ ಕೇಳಿದಳು. ಅಷ್ಟು ವರ್ಷಗಳಲ್ಲಿ ನನ್ನ ಸಾವನ್ನು ನನ್ನ ಸಾವೆಂದು ಮಾತ್ರ ಎಣಿಸಿದ್ದೆ. ಅದನ್ನು ಅಮ್ಮನಿಗೆ ಹೇಳಬೇಕಾಗುವ ಒಬ್ಬಳಿದ್ದಾಳೆ ಎಂಬುದು ಎಂದೂ ಹೊಳೆದಿರಲಿಲ್ಲ.

ಅಂದು ನಾವು ಒಂದು ಹಾಳೆ ಬರೆದೆವು. ಹೊರಡುವ ದಾರಿ, ಹಿಂತಿರುಗುವ ಗಂಟೆ, ಸುದ್ದಿ ಬರದಿದ್ದರೆ ಕಾಯಬೇಕಾದ ಗಡುವು, ಕರೆಯಬೇಕಾದ ಸಂಖ್ಯೆಗಳು, ವಿಮೆಯ ಕಾಗದ ಇರುವ ಜಾಗ, ದೇಹ ಎತ್ತರದಲ್ಲಿ ಉಳಿದರೆ ಅದನ್ನು ತರಲು ಬೇರೆಯವರ ಜೀವ ಒಡ್ಡಬೇಕೇ ಬೇಡವೇ ಎಂಬ ನನ್ನ ಇಚ್ಛೆ. ಕೊನೆಯ ಸಾಲನ್ನು ಬರೆಯುವಾಗ ಇಬ್ಬರ ಕೈಯೂ ನಡುಗಿತು, ಆದರೂ ಬರೆದೆವು. ಇದನ್ನು ಬರೆಯಲಾಗದಷ್ಟು ಹೆದರಿಕೆ ನಿಮಗಿದ್ದರೆ, ಹೋಗುವ ನಿರ್ಧಾರ ಇನ್ನೂ ಪೂರ್ತಿಯಾಗಿಲ್ಲ ಎಂದು ನಾನು ತಿಳಿಯುತ್ತೇನೆ.

ಮನೆಯ ಚರ್ಚೆಯಲ್ಲಿ ಒಂದು ಅನ್ಯಾಯವನ್ನು ಎಚ್ಚರದಿಂದ ತಪ್ಪಿಸಬೇಕು. ಆಲಿಸನ್ ಹಾರ್ಗ್ರೀವ್ಸ್ 1995ರ ಮೇ ತಿಂಗಳಲ್ಲಿ ಸಿಲಿಂಡರಿನ ಆಮ್ಲಜನಕವಿಲ್ಲದೆ ಎವರೆಸ್ಟ್ ಏರಿ, ಅದೇ ವರ್ಷದ ಆಗಸ್ಟ್ 13ರಂದು ಕೆ2 ಶಿಖರದಿಂದ ಇಳಿಯುವಾಗ ಬಿರುಗಾಳಿಗೆ ಸಿಕ್ಕಿ ತೀರಿಕೊಂಡಾಗ, ಇಬ್ಬರು ಚಿಕ್ಕ ಮಕ್ಕಳ ತಾಯಿ ಅಲ್ಲಿಗೆ ಹೋದದ್ದೇಕೆ ಎಂದು ಬ್ರಿಟನ್ನಿನ ಪತ್ರಿಕೆಗಳು ಕಟುವಾಗಿ ಬರೆದವು. ತಂದೆಯಾಗಿದ್ದ ಆರೋಹಿಗಳಿಗೆ ಅದೇ ಪ್ರಶ್ನೆಯನ್ನು ಅಷ್ಟು ಕಟುವಾಗಿ ಕೇಳಿದ್ದು ಅಪರೂಪ. ಮಕ್ಕಳಿರುವವರು ಎಷ್ಟು ಅಪಾಯ ತೆಗೆದುಕೊಳ್ಳಬಹುದು ಎಂಬುದು ನ್ಯಾಯವಾದ ಪ್ರಶ್ನೆಯೇ. ತಾಯಿಗೆ ಕೇಳಿದರೆ ತಂದೆಗೂ ಅದೇ ಮಾತಿನಲ್ಲಿ ಕೇಳಬೇಕು.

ಚರ್ಚೆಯ ನಡುವೆ ಯಾರಾದರೂ ‘ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ’ ಎಂಬ ಅರ್ಥದ ಮಾತಾಡಿದರೆ ಅಲ್ಲಿಗೇ ನಿಲ್ಲಿಸಿ. ಅದು ಅಪಾಯದ ಕುರಿತ ಮಾತಲ್ಲ, ಬದುಕುವ ಮನಸ್ಸಿನ ಕುರಿತ ಮಾತು. ಆಗ ಬೇಕಾದದ್ದು ವಾದವಲ್ಲ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದು ಮತ್ತು ತಡಮಾಡದೆ ವೈದ್ಯರ ನೆರವು. ಪ್ರಯಾಣ ಕಾಯಬಹುದು.

ತಾವಾಗಿ ಆಯ್ದುಕೊಳ್ಳದವರು

‘ನನ್ನ ಜೀವ, ನನ್ನ ಇಷ್ಟ’ ಎಂಬ ವಾದದ ಬಲವನ್ನು ನಾನು ಒಪ್ಪುತ್ತೇನೆ. ಆದರೆ ಎತ್ತರದ ಪರ್ವತದಲ್ಲಿ ಪೂರ್ತಿ ಒಂಟಿಯಾಗಿ ಅಪಾಯ ತೆಗೆದುಕೊಳ್ಳುವವರು ಬಹಳ ಕಡಿಮೆ. 2014ರ ಏಪ್ರಿಲ್ 18ರಂದು ಎವರೆಸ್ಟ್‌ನ ಖುಂಬು ಹಿಮಪ್ರಪಾತದ (ಇಳಿಜಾರಿನಲ್ಲಿ ಒಡೆದು ಬಿರುಕುಬಿಟ್ಟ ಹಿಮನದಿಯ ಭಾಗದ) ಮೇಲೆ ಹಿಮಬಂಡೆಗಳು ಕುಸಿದಾಗ ಸತ್ತ 16 ಮಂದಿಯೂ ನೇಪಾಳದ ಕೆಲಸಗಾರರು. ಬೇರೆಯವರ ಆರೋಹಣಕ್ಕಾಗಿ ಸಾಮಾನು ಹೊತ್ತು ಮೇಲೆ ಸಾಗುತ್ತಿದ್ದರು. ಸರ್ಕಾರ ಮೊದಲು ಘೋಷಿಸಿದ್ದು ಪ್ರತಿ ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಆಕ್ರೋಶಗೊಂಡು ಆ ಋತುವಿನ ಕೆಲಸವನ್ನೇ ನಿಲ್ಲಿಸಿದರು, ಆ ಮೇಲೆ ಅವರ ಕಡ್ಡಾಯ ಜೀವವಿಮೆ 15 ಲಕ್ಷ ರೂಪಾಯಿಗೆ ಏರಿತು. ಗ್ರಾಹಕ ಆ ಹಿಮಪ್ರಪಾತವನ್ನು ಒಂದು ಋತುವಿನಲ್ಲಿ ಕೆಲವೇ ಸಲ ದಾಟಿದರೆ ಅವನ ಸಾಮಾನು ಹೊರುವವನು ಮತ್ತೆ ಮತ್ತೆ ದಾಟುತ್ತಾನೆ. ಹೀಗೆ ಹೋಗುವವರು ಚರ್ಚಿಸಬೇಕಾದದ್ದು ತಮ್ಮ ಅಪಾಯಕ್ಕಿಂತ ಮೊದಲು ಅವನದನ್ನು: ಅವನ ವಿಮೆ ಎಷ್ಟು, ‘ಬೇಡ’ ಎಂದರೆ ಅವನ ಕೂಲಿ ಉಳಿಯುತ್ತದೆಯೇ, ಅವನ ಹೊರೆಯನ್ನು ಎಷ್ಟು ಕಡಿಮೆ ಮಾಡಬಹುದು.

ಕಲಿಯುವವರ ಒಪ್ಪಿಗೆಯೂ ಇದೇ ರೀತಿ ಎಚ್ಚರದಿಂದ ನೋಡಬೇಕಾದದ್ದು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ-2 ಶಿಖರದ ಬಳಿ ಹಿಮಕುಸಿತಕ್ಕೆ ಸಿಕ್ಕಿ ಒಂದು ತರಬೇತಿ ತಂಡದ 29 ಮಂದಿಯನ್ನು ಕಳೆದುಕೊಂಡೆವು. ಕಲಿಯಲು ಬಂದವನ ಒಪ್ಪಿಗೆ ಗುರುವಿನ ಮೇಲಿನ ನಂಬಿಕೆಯೇ ಆಗಿರುತ್ತದೆ. ಆದ್ದರಿಂದ ಕಲಿಸುವವರು ದಿನದ ಅಪಾಯವನ್ನು ಅವರು ಕೇಳುವ ಮೊದಲೇ ಹೇಳಬೇಕು.

ರಕ್ಷಣೆಗೆ ಬರುವವರನ್ನೂ ಮರೆಯುವಂತಿಲ್ಲ. 2018ರ ಜನವರಿಯಲ್ಲಿ ನಂಗಾ ಪರ್ಬತ್ ಮೇಲೆ ಸಿಕ್ಕಿಕೊಂಡ ಎಲಿಜಬೆತ್ ರೆವೋಲ್ ಅವರನ್ನು ಉಳಿಸಲು, ಕೆ2 ಏರಲು ಬಂದಿದ್ದ ತಂಡದ ಡೆನಿಸ್ ಉರುಬ್ಕೊ ಮತ್ತು ಆದಮ್ ಬಿಯೆಲೆಟ್‌ಸ್ಕಿ ಚಳಿಗಾಲದ ರಾತ್ರಿಯಲ್ಲಿ ಆ ಪರ್ವತವನ್ನು ಏರಿದರು. ರೆವೋಲ್ ಬದುಕಿದರು, ಇನ್ನೂ ಮೇಲೆ ಉಳಿದಿದ್ದ ಅವರ ಜೊತೆಗಾರನನ್ನು ತಲುಪಲಾಗಲಿಲ್ಲ. ‘ಯಾರೂ ಬರಬೇಕಾಗಿಲ್ಲ’ ಎಂದು ನೀವು ಹೇಳಿ ಹೋದರೂ ಬರುವವರು ಬಂದೇ ಬರುತ್ತಾರೆ.

ಸಾವಿನ ನಂತರ ಮತ್ತು ಮರಳಿದ ನಂತರ

ಸಾವು ಸಂಭವಿಸಿದ ಮೊದಲ ದಿನಗಳಲ್ಲಿ ವಿಶ್ಲೇಷಣೆ ಬೇಡ. ‘ಇಷ್ಟವಾದದ್ದನ್ನು ಮಾಡುತ್ತಲೇ ಹೋದ’ ಎಂಬ ಮಾತನ್ನು ಮನೆಯವರೇ ಹೇಳಿದರೆ ತಲೆಬಾಗಿ ಕೇಳಿ, ನೀವಾಗಿ ಅವರಿಗೆ ಹೇಳಬೇಡಿ. ತಿಂಗಳುಗಳ ನಂತರ, ಅವರ ಅನುಮತಿಯಿಂದ, ಆ ದಿನದ ನಿರ್ಧಾರಗಳನ್ನು ಪರಿಶೀಲಿಸುವಾಗ ಸತ್ತವನಿಗೆ ಆ ಕ್ಷಣದಲ್ಲಿ ಏನು ಗೊತ್ತಿತ್ತು ಎಂಬುದನ್ನು ಮಾತ್ರ ಎದುರಿಗಿಟ್ಟುಕೊಳ್ಳಿ. ಫಲಿತಾಂಶ ಗೊತ್ತಾದ ಮೇಲೆ ಪ್ರತಿಯೊಂದು ಹೆಜ್ಜೆಯೂ ಮೂರ್ಖತನದಂತೆ ಕಾಣುತ್ತದೆ.

ಎಲ್ಲರೂ ಕ್ಷೇಮವಾಗಿ ಮರಳಿದಾಗಲೂ ಆ ಹಾಳೆಯನ್ನು ತೆಗೆದು ಓದಬೇಕು. ಏನೂ ಆಗದೆ ಬಂದ ದಿನಗಳಲ್ಲೇ ತಪ್ಪುಗಳು ಅಡಗಿರುತ್ತವೆ. ಆ ಗುರುವಾರ ನಾನು ಹೊತ್ತಿಗೆ ಸರಿಯಾಗಿ ಅಕ್ಕನಿಗೆ ಫೋನ್ ಮಾಡಿದ್ದೆ, ಮನೆಗೆ ಬಂದು ಶಿಖರದ ಚಿತ್ರಗಳನ್ನು ತೋರಿಸುತ್ತಿದ್ದೆ. ಅವಳು ಒಂದು ಚಿತ್ರದ ಮೂಲೆಯಲ್ಲಿದ್ದ ಸಮಯವನ್ನು ಬೆರಳಿಟ್ಟು ತೋರಿಸಿದಳು. ಹಾಳೆಯಲ್ಲಿ ಹಿಂತಿರುಗುವ ಗಂಟೆ 11 ಎಂದಿತ್ತು, ಚಿತ್ರದಲ್ಲಿ 11.50. ‘ಹನ್ನೊಂದು ಅಂತ ಬರೆದಿದ್ದೆಯಲ್ಲ?’ ಎಂದಳು. ಹವಾಮಾನ ಚೆನ್ನಾಗಿತ್ತು ಎಂದೆ. ಅವಳು ಮತ್ತೇನೂ ಹೇಳದೆ ಹಾಳೆಯನ್ನು ನನ್ನ ಕಡೆ ತಿರುಗಿಸಿಟ್ಟಳು. ಮುಂದಿನ ಸಲದ ಹಾಳೆಯಲ್ಲಿ ಆ ಗಂಟೆಯ ಕೆಳಗೆ ನನ್ನ ಸಹಿಯ ಜೊತೆಗೆ ಹಗ್ಗದ ಇನ್ನೊಂದು ತುದಿಯಲ್ಲಿರುವವನ ಸಹಿಯನ್ನೂ ಹಾಕಿಸಿದೆ. ಅಂದಿನಿಂದ ಹಾಗೆಯೇ ಮಾಡುತ್ತಿದ್ದೇನೆ.